ಒಬ್ಬಳೇ ಸಾಕು ಎಂದವಳು ನಾನು

ಅಮ್ಮನ ಬೆನ್ನು ಹೋದದ್ದು ಯಾರಿಂದ ಎಂದು ಕೇಳಿದರೆ ನಮ್ಮ ಕುಟುಂಬದಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಮಾವ ಹಣೆಬರಹ ಎನ್ನುತ್ತಿದ್ದರು. ನೆಂಟರು ಬಾವಿಯಿಂದ ನೀರು ಸೇದಿ ಸೇದಿ ಹೋಯಿತು ಎನ್ನುತ್ತಿದ್ದರು. ಡಾಕ್ಟರು ಡಿಸ್ಕ್ ಎಂದರು. ನಾನು ಜೀವಮಾನವಿಡೀ ನರ್ಸ್ ಆಗಿದ್ದವಳು, ಡಿಸ್ಕ್ ಎಂದರೆ ಏನೆಂದು ನನಗೆ ಗೊತ್ತು. ಆದರೆ ಅದು ಹೇಗೆ ಜಾರಿತು ಎಂದು ಕೇಳಿದರೆ ನನ್ನ ಹತ್ತಿರ ಬೇರೆ ಉತ್ತರವಿದೆ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಹೇಳಿದರೆ "ಛೆ, ಹಾಗೆಲ್ಲ ಮಾತಾಡಬಾರದು" ಎಂದು ಸಮಾಧಾನ ಮಾಡುತ್ತಾರೆ. ನನಗೆ ಆ ಸಮಾಧಾನ ಬೇಡ.

ನಮ್ಮ ಮನೆ ಪುಂಜಾಲಕಟ್ಟೆಯಲ್ಲಿ ಬಸ್ಸಿಳಿದು ಬೆಳ್ತಂಗಡಿ ಬದಿಗೆ ಒಳದಾರಿಯಲ್ಲಿ ಅರ್ಧ ಗಂಟೆ ನಡೆದರೆ ಸಿಗುತ್ತಿತ್ತು. ಎಪ್ಪತ್ತರ ದಶಕದ ಆ ದಿನಗಳಲ್ಲಿ ಅಲ್ಲಿದ್ದವರು ಮೂರೇ ಜನ: ಅಜ್ಜಿ, ಅಮ್ಮ ಮತ್ತು ಅಮ್ಮನ ಅಣ್ಣನಾದ ಮಾವ. ನಮ್ಮದು ತಾಯಿಯ ಕಡೆಯಿಂದ ಮನೆತನ ನಡೆಯುವ ಜನ. ಮಾವ ಯಜಮಾನರು, ಅವರ ಹೆಂಡತಿ ಮಕ್ಕಳು ನೆರಿಯದ ಹತ್ತಿರ ಆಕೆಯ ತಾಯಿಮನೆಯಲ್ಲೇ ಇದ್ದರು. ಅದರಲ್ಲಿ ಆಗ ಯಾರಿಗೂ ವಿಶೇಷ ಕಾಣುತ್ತಿರಲಿಲ್ಲ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಹೋಗಿದ್ದರು. ನಾನು ನರ್ಸಿಂಗ್ ಮುಗಿಸಿ ಮೂಡಬಿದ್ರೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದೆ.

ಅಜ್ಜಿ ಎತ್ತರದ ಆಳು, ಮೈಯೂ ತುಂಬಿತ್ತು. ಬೆಳಗ್ಗೆ ಅಂಗಳಕ್ಕೆ ಬಂದು ನಿಂತು ಒಮ್ಮೆ ಕೆಮ್ಮಿದರೆ ಗದ್ದೆಯಲ್ಲಿದ್ದವರು ತಲೆ ಎತ್ತಿ ನೋಡುತ್ತಿದ್ದರು. ಅಮ್ಮ ಆಕೆಯ ಹೊಟ್ಟೆಯಲ್ಲಿ ಹುಟ್ಟಿದವಳೆಂದು ಯಾರೂ ನಂಬುವಂತಿರಲಿಲ್ಲ. ಅಜ್ಜಿಯ ಭುಜಕ್ಕೂ ಬಾರದಷ್ಟು ಗಿಡ್ಡ, ಕಡ್ಡಿಯಂಥ ಮೈ. ಅಂಥ ಅಜ್ಜಿ ಒಂದು ಬೆಳಿಗ್ಗೆ ಮುಖ ತೊಳೆಯುತ್ತಿದ್ದಾಗಲೇ ಬಲಗಡೆ ಪೂರ್ತಿ ಸೋತು ಬಿದ್ದಳು. ಜೀವ ಉಳಿಯಿತು. ಮಾತು ಹೋಯಿತು. ಎಡಗೈ ಒಂದು ಮಾತ್ರ ಮೊದಲಿನ ಹಾಗೆ ಗಟ್ಟಿಯಾಗಿ ಉಳಿಯಿತು. ಏನು ಬೇಕಾದರೂ ಆ ಕೈಯ ಗೆಣ್ಣಿನಿಂದ ಮಂಚದ ಪಟ್ಟಿಯ ಮೇಲೆ ಟಕ್ ಟಕ್ ಎಂದು ಬಡಿಯುತ್ತಿದ್ದಳು. ಅಮ್ಮ ಎಲ್ಲಿದ್ದರೂ ಓಡಿ ಬರಬೇಕಿತ್ತು.

ಹಿಂದಿನ ಕಾಲವಾದರೆ ಅಮ್ಮನಿಗೆ ಇಷ್ಟು ಕಷ್ಟ ಬರುತ್ತಿರಲಿಲ್ಲ. ಒಕ್ಕಲಿನ ಮನೆಗಳ ಹೆಂಗಸರು ಕರೆದರೂ ಕರೆಯದಿದ್ದರೂ ಬರುತ್ತಿದ್ದರು. ಆದರೆ ಭೂಸುಧಾರಣೆಯ ಕಾನೂನು ಬಂದು, ಒಕ್ಕಲುಗಳೆಲ್ಲ ತಾವು ಗೇಣಿಗೆ ಉಳುವ ಗದ್ದೆ ತಮಗೆ ಸೇರಬೇಕೆಂದು ಡಿಕ್ಲರೇಶನ್ ಕೊಟ್ಟು, ಗದ್ದೆ ಉತ್ತವರ ಹೆಸರಿಗೆ ಆಗುತ್ತಿದ್ದ ಸಮಯ ಅದು. ಅದು ನ್ಯಾಯವೇ. ನಾನು ಅಂದೂ ಹಾಗೇ ಅಂದುಕೊಂಡಿದ್ದೆ, ಮಾವನೆದುರು ಹೇಳುವ ಧೈರ್ಯವಿರಲಿಲ್ಲ ಅಷ್ಟೆ. ಮಾವನಿಗೆ ಅದು ಬೆನ್ನಿಗೆ ಚೂರಿ ಹಾಕಿದ ಹಾಗಾಗಿತ್ತು. ಆ ಮನೆಗಳವರು ಇನ್ನು ನಮ್ಮ ಅಂಗಳ ತುಳಿಯಬಾರದು, ನಾವು ಅವರಿಂದ ಒಂದು ಲೋಟ ನೀರೂ ಕೇಳಬಾರದು ಎಂದು ಕಟ್ಟುನಿಟ್ಟು ಮಾಡಿಬಿಟ್ಟಿದ್ದರು.

ಆದರೂ ಒಬ್ಬಳು ಬಂದಳು. ನಮ್ಮ ಗದ್ದೆಯಾಚೆ, ಬದುವಿನ ಹುಣಿ ದಾಟಿದರೆ ಸಿಗುವ ಮನೆಯವಳು. ಅವಳ ಮೂರು ಬಾಣಂತನಕ್ಕೂ ಅಜ್ಜಿ ನಿಂತು ಎಣ್ಣೆ ನೀರು ಮಾಡಿಸಿದ್ದಳಂತೆ. ಅದನ್ನು ಅವಳು ಮರೆತಿರಲಿಲ್ಲ. ಮಾವ ಹೊರಗೆ ಹೋದದ್ದು ನೋಡಿಕೊಂಡು ಹಿಂದಿನ ಬಾಗಿಲಿನಿಂದ ಬರುತ್ತಿದ್ದಳು. ಅಮ್ಮ ಒಂದು ಕಡೆ, ಅವಳು ಒಂದು ಕಡೆ ನಿಂತು, ಒಂದು ಎರಡು ಎಂದು ಹೇಳಿಕೊಂಡು ಅಜ್ಜಿಯ ಮಗ್ಗುಲು ಬದಲಿಸುತ್ತಿದ್ದರು. ಹತ್ತು ದಿನ ಹಾಗೆ ನಡೆದಿರಬೇಕು. ಹನ್ನೊಂದನೆಯ ದಿನ ಮಾವ ಬೇಗ ಮನೆಗೆ ಬಂದರು.

"ಗದ್ದೆ ತೆಗೆದುಕೊಂಡದ್ದು ಸಾಕಾಗಲಿಲ್ವಾ? ಇನ್ನು ಉಪಕಾರ ಬೇರೆ ಮಾಡಿ ನಮ್ಮನ್ನು ಹಂಗಿನಲ್ಲಿ ಇಡುದಾ?" ಎಂದರಂತೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಹೋದಳಂತೆ. ಮಾವ ಕೆಟ್ಟವರಲ್ಲ, ಆದರೆ ಆ ಕಾಲದಲ್ಲಿ ಅವರಿಗೆ ಉಳಿದದ್ದು ಬಿಂಕ ಒಂದೇ. ಅದನ್ನು ಹೊತ್ತು ನಿಲ್ಲಿಸುವ ಕೆಲಸ ಅಮ್ಮನ ಬೆನ್ನಿಗೆ ಬಿತ್ತು.

ಇದೆಲ್ಲ ಗೊತ್ತಾಗಿ ನಾನು ರಜೆ ಹಾಕಿ ಬಂದೆ. ವೇಣೂರು ದಾರಿಯ ಬಸ್ಸು, ಗುರುವಾಯನಕೆರೆಯಲ್ಲಿ ಇಳಿದು ಇನ್ನೊಂದು ಬಸ್ಸು, ಆಮೇಲೆ ನಡಿಗೆ. ಮನೆಗೆ ಕಾಲಿಟ್ಟಾಗ ಅಮ್ಮ ಅಜ್ಜಿಯನ್ನು ಮೇಲಕ್ಕೆ ಎಳೆಯುತ್ತಿದ್ದಳು. ಅಂಗಾತ ಮಲಗಿದವರು ಸ್ವಲ್ಪ ಸ್ವಲ್ಪವೇ ಕಾಲಿನ ಕಡೆಗೆ ಜಾರುತ್ತಾರೆ, ಅವರನ್ನು ದಿನಕ್ಕೆ ನಾಲ್ಕಾರು ಸಲ ದಿಂಬಿನ ಕಡೆಗೆ ತರಬೇಕಾಗುತ್ತದೆ. ಮಂಚ ತೀರಾ ತಗ್ಗಿನದು. ಅಮ್ಮ ಸೊಂಟ ಮುರಿದಂತೆ ಬಗ್ಗಿ, ಅಜ್ಜಿಯ ಕಂಕುಳಿಗೆ ಕೈ ಹಾಕಿದ್ದಳು. ಅಜ್ಜಿ ಬೀಳುವ ಭಯಕ್ಕೆ ಎಡಗೈಯಿಂದ ಅಮ್ಮನ ಕುತ್ತಿಗೆ ಹಿಡಿದು ಜೋತುಬಿದ್ದಿದ್ದಳು. ಆಸ್ಪತ್ರೆಯಲ್ಲಿ ನಮಗೆ ಯಾವುದನ್ನು ಮಾಡಬಾರದು ಎಂದು ಕಲಿಸಿದ್ದರೋ ಅದೆಲ್ಲವೂ ಒಂದೇ ಸಲಕ್ಕೆ ನನ್ನ ಕಣ್ಣೆದುರು ನಡೆಯುತ್ತಿತ್ತು.

"ಬಿಡು! ಬಿಡು ಅಂತೇನೆ! ಹೀಗೆ ಎತ್ತಿದರೆ ನಿನ್ನನ್ನು ಎತ್ತಲಿಕ್ಕೆ ಜನ ಬೇಕಾದೀತು!" ಎಂದು ಚೀಲ ಎಸೆದು ಓಡಿದೆ. ನನ್ನ ಬಾಯಿ ಯಾವಾಗಲೂ ಹಾಗೆಯೇ, ಪ್ರೀತಿ ಬಂದಾಗಲೂ ಬೈಗುಳವೇ ಬರುವುದು. ಅಮ್ಮ ಅಜ್ಜಿಯನ್ನು ಮೆಲ್ಲ ಇಳಿಸಿ, ಬೆವರು ಒರೆಸಿಕೊಂಡು, "ಬಂದ್ಯಾ ಮಗಾ, ಬಿಸಿಲಿಗೆ ನಡೆದು ಬಂದದ್ದಾ? ಮಜ್ಜಿಗೆ ಉಂಟು" ಎಂದಳು.

ಮರುದಿನವೇ ನನ್ನ ಪಾಠ ಶುರುವಾಯಿತು. ಮೊದಲು ಮಂಚ ಎತ್ತರ ಮಾಡಿಸಿದೆ. ಅಜ್ಜಿಯನ್ನು ನಾವಿಬ್ಬರೂ ಸೇರಿ ಆರಾಮ ಕುರ್ಚಿಗೆ ಕೂರಿಸಿದೆವು. ಮಾವ ಅಂಗಳದ ಮೂಲೆಯಿಂದ ಕೆಂಪುಕಲ್ಲುಗಳನ್ನು ತಾವೇ ಹೊತ್ತು ತಂದು ನಾಲ್ಕು ಕಾಲಿನ ಕೆಳಗೂ ಇಟ್ಟರು. ಕಲ್ಲು ಹೊರಲು ಅವರಿಗೆ ಸಂಕೋಚವಿರಲಿಲ್ಲ. ತಾಯಿಯ ಮೈಗೆ ಕೈ ಹಾಕಲು ಮಾತ್ರ ಆಗದು, ಗಂಡಸು ಹೆಂಗಸರ ಆರೈಕೆ ಮಾಡುವ ಕ್ರಮವಿಲ್ಲ. ಅಜ್ಜಿಯೂ ಮಗ ಹತ್ತಿರ ಬಂದರೆ ಎಡಗೈಯಿಂದ ಸೀರೆ ಎಳೆದುಕೊಂಡು ಮುಖ ತಿರುಗಿಸುತ್ತಿದ್ದಳು.

ಆಮೇಲೆ ಅಮ್ಮನಿಗೆ ಮೈ ಬಳಸುವುದನ್ನು ಕಲಿಸಿದೆ. ಕುತ್ತಿಗೆ ಹಿಡಿಯಲು ಬಿಡಬೇಡ. ಎತ್ತಬೇಡ, ತಿರುಗಿಸು. ಯಾವ ಕಡೆಗೆ ತಿರುಗಿಸಬೇಕೋ ಆ ಕಡೆ ನಿಲ್ಲು. ಅವಳ ಆಚೆಯ ಮೊಣಕಾಲು ಮಡಚು, ಆಚೆಯ ಕೈಯನ್ನು ಎದೆಯ ಮೇಲೆ ತಾ. ನಿನ್ನ ಒಂದು ಕಾಲು ಮುಂದೆ, ಒಂದು ಹಿಂದೆ. ಮಂಡಿ ಮಡಚು, ಬೆನ್ನು ಮಡಚಬೇಡ. ಭುಜಕ್ಕೂ ಸೊಂಟಕ್ಕೂ ಕೈ ಇಟ್ಟು, ನಿನ್ನ ಭಾರ ಹಿಂದಿನ ಕಾಲಿಗೆ ಬಿಡು. ಅವಳು ತಾನಾಗಿ ಬರುತ್ತಾಳೆ. ಅಮ್ಮ ಎರಡು ಸಲಕ್ಕೆ ಕಲಿತಳು. ಮಗ್ಗುಲು ಬದಲಿಸುವುದು ಸರಿಹೋಯಿತು. ಉಳಿದದ್ದು ಮೇಲಕ್ಕೆ ಸರಿಸುವುದು. ಅದಕ್ಕೆ ಆಸ್ಪತ್ರೆಯಲ್ಲಿ ಕೆಳಗೊಂದು ದಪ್ಪ ಬಟ್ಟೆ ಹಾಸಿ ಇಬ್ಬರು ಎರಡೂ ಬದಿ ಹಿಡಿದು ಸರಿಸುತ್ತಿದ್ದೆವು. ಇಲ್ಲಿ ಇಬ್ಬರಿರಲಿಲ್ಲ.

ಆಗ ನನಗೆ ಅಡಿಕೆ ಸೋಗೆಯ ಬುಡದ ಹಾಳೆ ನೆನಪಾಯಿತು. ನಮ್ಮ ಕಡೆ ಹಸುಗೂಸನ್ನು ಮೀಯಿಸುವುದು ಅಡಿಕೆ ಹಾಳೆಯಲ್ಲಿ ಮಲಗಿಸಿ. ನೀರು ಬಿದ್ದ ಹಾಳೆಯ ಒಳಮೈ ಎಷ್ಟು ನುಣುಪೆಂದರೆ ಮಗುವನ್ನು ಒಂದೇ ಬೆರಳಿನಲ್ಲಿ ಅತ್ತಿತ್ತ ಸರಿಸಬಹುದು. ಅಮ್ಮನಿಂದ ಎರಡು ದೊಡ್ಡ ಹಾಳೆ ನೀರಿನಲ್ಲಿ ನೆನೆಹಾಕಿಸಿ, ಚಪ್ಪಟೆ ಮಾಡಿ, ಅಂಚು ಕತ್ತರಿಸಿದೆ. ಒಂದನ್ನು ಹಾಸಿಗೆಯ ಮೇಲೆ ನುಣುಪು ಮೇಲಾಗಿ ಇಟ್ಟೆ. ಇನ್ನೊಂದನ್ನು ಅದರ ಮೇಲೆ ನುಣುಪು ಕೆಳಗಾಗಿ ಇಟ್ಟು, ಹಳೆಯ ಸೀರೆ ಹಾಸಿ, ಅಜ್ಜಿಯ ಬೆನ್ನು ಸೊಂಟ ಅದರ ಮೇಲೆ ಬರುವಂತೆ ಮಾಡಿದೆ. ಮಂಚದ ತಲೆಯ ಕಡೆ ನಿಂತು ಸೀರೆಯ ಎರಡು ತುದಿ ಹಿಡಿದು ಹಿಂದಕ್ಕೆ ವಾಲಿದೆ. ಅಷ್ಟು ದೊಡ್ಡ ಅಜ್ಜಿ ದೋಸೆ ಕಾವಲಿಯಿಂದ ಜಾರಿದ ಹಾಗೆ ದಿಂಬಿನವರೆಗೆ ಬಂದಳು. ಅಜ್ಜಿಯೂ ಆಶ್ಚರ್ಯಪಟ್ಟು ಗಂಟಲಿನಲ್ಲಿ ಒಂದು ಸದ್ದು ಮಾಡಿದಳು. ನಗುವಿರಬೇಕು.

ಅಮ್ಮನಿಂದಲೂ ಮಾಡಿಸಿದೆ. ಅವಳಿಗೂ ಬಂತು. ನಾನು ಕುಣಿಯುವುದೊಂದು ಬಾಕಿ. ಇನ್ನೂ ಇಪ್ಪತ್ತೈದು ತುಂಬದ ಹುಡುಗಿ, ಪುಸ್ತಕದಲ್ಲಿ ಇಲ್ಲದ್ದನ್ನು ಕಂಡುಹಿಡಿದಿದ್ದೇನೆ ಎಂಬ ಜಂಬ. ಮಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಪರವಾಗಿಲ್ಲ ಮಾರಾಯ್ತಿ, ಕಲಿಸಿದ್ದು ವ್ಯರ್ಥ ಆಗಲಿಲ್ಲ" ಎಂದರು. ಅವರ ಬಾಯಿಂದ ಅಂಥ ಮಾತು ನಾನು ಮೊದಲು ಕೇಳಿರಲಿಲ್ಲ.

ಅದೇ ಹೊತ್ತಿಗೆ ಗದ್ದೆಯಾಚೆಯವಳು ಅಂಗಳದ ಅಂಚಿಗೆ ಬಂದು ನಿಂತಳು. ನಾನು ಬಂದದ್ದು ಅವಳಿಗೆ ಗೊತ್ತಾಗಿತ್ತು. ಅಂಗಳಕ್ಕೆ ಕಾಲಿಡಲಿಲ್ಲ, ಅಲ್ಲಿಂದಲೇ ಕರೆದಳು. ನಾನು ಜಗಲಿಗೆ ಬಂದೆ. ಹಿಂದೆ ಅಮ್ಮ, ಬದಿಯಲ್ಲಿ ಮಾವ.

"ಸಣ್ಣಕ್ಕಾ, ನಿಮ್ಮ ಮಾತು ಮಾವ ಕೇಳ್ತಾರೆ. ನೀವು ಒಂದು ಮಾತು ಹೇಳಿ. ನಾನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬಂದು ಹೋಗ್ತೇನೆ. ಹಿಂದಿನ ಬಾಗಿಲಿಂದ ಬಂದು ಹಿಂದಿನ ಬಾಗಿಲಿಂದಲೇ ಹೋಗ್ತೇನೆ. ಯಾರಿಗೂ ಎಂತದೂ ಗೊತ್ತಾಗುದು ಬೇಡ. ಅಮ್ಮ ಒಬ್ಬರಿಂದ ಆಗ್ಲಿಕ್ಕಿಲ್ಲ ಅದು" ಎಂದಳು.

ಅವಳು ಹೇಳಿದ್ದು ಸರಿ ಎಂದು ನನಗೆ ಗೊತ್ತಿತ್ತು. ನಮ್ಮ ವಾರ್ಡಿನ ಹಿರಿಯ ನರ್ಸ್ ನಮಗೆ ಮೊದಲ ವಾರವೇ ಹೇಳಿದ್ದರು: "ಭಾರದ ರೋಗಿಗೆ ಒಬ್ಬಳೇ ಕೈ ಹಾಕಿದ್ದು ಕಂಡರೆ ಆ ದಿನವೇ ಮನೆಗೆ ಕಳಿಸ್ತೇನೆ." ಮಾವನ ಮನಸ್ಸು ಮೆತ್ತಗಿದ್ದ ಒಂದೇ ಗಳಿಗೆ ಅದು. ಹೊಗಳಿದ ಬಾಯಿ ಇನ್ನೂ ಮುಚ್ಚಿರಲಿಲ್ಲ. ನಾನು ಆಗ "ಹೌದು ಮಾವ, ಇನ್ನೊಬ್ಬಳು ಬೇಕು" ಎಂದಿದ್ದರೆ ಅವರು ಗೊಣಗಿಕೊಂಡಾದರೂ ಒಪ್ಪುತ್ತಿದ್ದರು.

ನಾನು ಹೇಳಿದ್ದು ಇದು: "ಬೇಡ ಬೇಡ. ನಾನು ಉಪಾಯ ಮಾಡಿಕೊಟ್ಟಿದ್ದೇನೆ. ಇನ್ನು ಒಬ್ಬಳೇ ಸಾಕು."

ಯಾಕೆ ಹೇಳಿದೆ? ಹಾಳೆಯ ಜಂಬ ಒಂದು. ಮಾವ ಹೊಗಳಿದ ಅಮಲು ಒಂದು. ಇನ್ನೊಂದನ್ನೂ ಬರೆಯುತ್ತೇನೆ. ಗದ್ದೆ ಕಳೆದುಕೊಂಡ ಮನೆಯ ಹುಡುಗಿ ನಾನು. ಅವಳು ನಮ್ಮ ಮೇಲೆ ಕನಿಕರಪಟ್ಟದ್ದು ನನಗೂ ಎಲ್ಲೋ ಚುಚ್ಚಿತ್ತು. ಮಾವನ ಬಿಂಕವನ್ನು ಹಿಂದಿನಿಂದ ಆಡಿಕೊಳ್ಳುತ್ತಿದ್ದವಳಿಗೆ ಅದೇ ಬಿಂಕ ತನ್ನೊಳಗೂ ಇರುವುದು ಗೊತ್ತಿರಲಿಲ್ಲ.

ಅವಳು ಒಂದು ಕ್ಷಣ ಅಮ್ಮನನ್ನು ನೋಡಿದಳು. ಅಮ್ಮ ಏನೂ ಹೇಳಲಿಲ್ಲ. "ಹಾಗಾದರೆ ಒಳ್ಳೇದೇ ಆಯ್ತು" ಎಂದು ಅವಳು ಹುಣಿ ಹತ್ತಿ ಹೋದಳು.

ಎರಡು ದಿನದಲ್ಲಿ ನಾನೂ ಮೂಡಬಿದ್ರೆಗೆ ಹೋದೆ. ಆಮೇಲೆ ನನ್ನ ಮಾತು ಆ ಮನೆಯ ಕಾನೂನಾಯಿತು. ಅತ್ತೆ ನೆರಿಯದಿಂದ ತಿಂಗಳ ಮಟ್ಟಿಗೆ ಬಂದು ಇರುತ್ತೇನೆಂದು ಹೇಳಿ ಕಳಿಸಿದಾಗ ಮಾವ, "ಅಗತ್ಯ ಇಲ್ಲ, ನರ್ಸೇ ಹೇಳಿ ಹೋಗಿದ್ದಾಳಲ್ಲ, ಒಬ್ಬಳೇ ಸಾಕಂತೆ" ಎಂದರಂತೆ. ನರಿಕೊಂಬಿನ ನೆಂಟರು ಕೆಲಸಕ್ಕೆ ಒಬ್ಬ ಹೆಂಗಸನ್ನು ಕಳಿಸಲೇ ಎಂದು ಕೇಳಿದಾಗಲೂ ಅದೇ ಉತ್ತರ. ಬಂದವರಿಗೆಲ್ಲ ಹಾಳೆ ತೋರಿಸಿ ನನ್ನ ಬುದ್ಧಿಯನ್ನು ಕೊಂಡಾಡುತ್ತಿದ್ದರು. ಅಮ್ಮ ಬದಿಯಲ್ಲಿ ನಿಂತು ತಲೆಯಾಡಿಸುತ್ತಿದ್ದಳು.

ಬೇಸಿಗೆ ಬಂತು. ಹಾಳೆ ನೆನೆದಿರುವಷ್ಟು ಹೊತ್ತು ಮಾತ್ರ ಮೆತ್ತಗೆ, ಒಣಗಿದರೆ ಮುರುಟಿ ಸೀಳುತ್ತದೆ. ಈ ಸಾದಾ ವಿಷಯ ಊರಿನ ಮಕ್ಕಳಿಗೂ ಗೊತ್ತು, ನಾನು ಯೋಚಿಸಿರಲಿಲ್ಲ. ಒಂದು ದಿನ ಸೀಳಿದ ಅಂಚು ತಾಗಿ ಅಜ್ಜಿಯ ಸೊಂಟದ ಚರ್ಮ ಗೀರಿತು. ಅಮ್ಮ ಹೆದರಿದಳು. ಹಾಸಿಗೆ ಹಿಡಿದವರಿಗೆ ಒಂದು ಗೀರು ಹುಣ್ಣಾದರೆ ಮುಗಿಯಿತು ಎಂದು ಅವಳಿಗೆ ಹೇಳಿದ್ದವಳೂ ನಾನೇ. ಅಂದಿನಿಂದ ಅವಳು ಹಾಳೆ ತೆಗೆದಿಟ್ಟು ಮತ್ತೆ ಕಂಕುಳಿಗೆ ಕೈ ಹಾಕಿ ಎಳೆಯತೊಡಗಿದಳು. ಮಂಚ ಎತ್ತರವಾದದ್ದರಿಂದ ಗಿಡ್ಡಗಿನ ಅಮ್ಮ ಈಗ ತುದಿಗಾಲಿನಲ್ಲಿ ನಿಂತು ಎಳೆಯಬೇಕಿತ್ತು. ಕಲ್ಲು ಇಡಿಸುವಾಗ ನಾನು ಅಳತೆ ತೆಗೆದದ್ದು ನನ್ನ ಸೊಂಟಕ್ಕೆ.

ಇದು ನನಗೆ ತಿಳಿಯಲಿಲ್ಲ. ನಾನು ಬರುವ ದಿನ ಗೊತ್ತಾದರೆ ಅಮ್ಮ ಹೊಸ ಹಾಳೆ ನೆನೆಹಾಕಿ ಹಾಸಿ ಇಡುತ್ತಿದ್ದಳು. ನನ್ನೆದುರು ಎರಡು ಸಲ ಅಜ್ಜಿಯನ್ನು ಜಾರಿಸಿ ತೋರಿಸುತ್ತಿದ್ದಳು. ನಾನು ಮೆಚ್ಚಿಕೊಂಡು ಹೋಗುತ್ತಿದ್ದೆ. ಅವಳು ನೆಲದಿಂದ ಏಳುವಾಗ ಗೋಡೆ ಹಿಡಿಯುವುದನ್ನು ಕಂಡು ಕೇಳಿದ್ದುಂಟು. "ಗ್ಯಾಸ್, ಮಗಾ. ಹಲಸಿನಕಾಯಿ ತಿಂದದ್ದು ಜಾಸ್ತಿ ಆಯ್ತು" ಎಂದಳು. ನರ್ಸ್ ಆದ ನಾನು ಅದನ್ನು ನಂಬಿದೆ.

ಆ ದಿನ ಮಾವ ಗದ್ದೆಯ ಕೇಸಿನ ವಿಚಾರಣೆಗೆ ಬೆಳ್ತಂಗಡಿಗೆ ಹೋಗಿದ್ದರು. ಅಜ್ಜಿ ಕಾಲಿನ ಕಡೆಗೆ ಪೂರ್ತಿ ಜಾರಿದ್ದಳು. ಅಮ್ಮ ಎಳೆದಳು. ಅರ್ಧಕ್ಕೆ ಬಂದಾಗ ಸೊಂಟದಲ್ಲಿ ಏನೋ ತುಂಡಾದ ಹಾಗಾಯಿತಂತೆ, ಕಾಲು ಇದೆಯೋ ಇಲ್ಲವೋ ತಿಳಿಯಲಿಲ್ಲವಂತೆ. ಆಗಲೂ ಅವಳು ಅಜ್ಜಿಯನ್ನು ಬಿಡಲಿಲ್ಲ. ಅಜ್ಜಿಯ ತಲೆ ಮಂಚದ ಪಟ್ಟಿಗೆ ಬಡಿಯದ ಹಾಗೆ ತನ್ನ ಕೈಯ ಮೇಲೆ ಇಳಿಸಿಕೊಂಡು, ತಾನೂ ಅದೇ ಮಂಚದ ಮೇಲೆ ಅಡ್ಡ ಬಿದ್ದಳು. ಮತ್ತೆ ಏಳಲಾಗಲಿಲ್ಲ.

ಬೆಳಗ್ಗಿನ ಗಂಜಿಯ ಹೊತ್ತಿನಿಂದ ಮಧ್ಯಾಹ್ನ ಕಳೆಯುವವರೆಗೆ ತಾಯಿ ಮಗಳು ಹಾಗೆಯೇ ಬಿದ್ದಿದ್ದರು. ಅಜ್ಜಿ ಎಡಗೈಯಿಂದ ಮಂಚದ ಪಟ್ಟಿ ಬಡಿಯುತ್ತಲೇ ಇದ್ದಳಂತೆ. ಓಡಿ ಬರಬೇಕಾದವಳು ಪಕ್ಕದಲ್ಲೇ ಬಿದ್ದಿದ್ದಾಳೆಂದು ಅವಳಿಗೂ ಗೊತ್ತಿತ್ತು, ಆದರೂ ಬಡಿದಳು. ಗೆಣ್ಣಿನ ಚರ್ಮ ಸುಲಿದು ರಕ್ತ ಬಂತು. ಹುಣಿಯಲ್ಲಿ ಹುಲ್ಲು ಕೊಯ್ಯುತ್ತಿದ್ದ ಗದ್ದೆಯಾಚೆಯವಳಿಗೆ ಆ ಸದ್ದು ಕೇಳಿತು. ಬಂದು ಅಂಗಳದ ಅಂಚಿನಲ್ಲಿ ನಿಂತು, "ಅಕ್ಕಾ, ಒಳಗೆ ಬರ್ಬಹುದಾ?" ಎಂದು ಕೂಗಿದಳಂತೆ. ಆ ಹೊತ್ತಿನಲ್ಲೂ ಕೇಳಿದಳು. ಅದನ್ನು ನೆನೆದರೆ ನನಗೆ ನಮ್ಮ ಮನೆಯ ಮೇಲೆ, ನನ್ನ ಮೇಲೆ ಇಂದಿಗೂ ಅಸಹ್ಯವಾಗುತ್ತದೆ.

ಅಮ್ಮನನ್ನು ಜೀಪಿನಲ್ಲಿ ನಮ್ಮ ಆಸ್ಪತ್ರೆಗೆ ತಂದರು. ಕಾಲಿಗೆ ಭಾರ ಕಟ್ಟಿ, ಹಲಗೆಯ ಮೇಲೆ ಅಂಗಾತ ಮಲಗಿಸಿದೆವು. ಅತ್ತೆ ನೆರಿಯದಿಂದ ಬಂದು ಮನೆ ನೋಡಿಕೊಂಡರು. ಗದ್ದೆಯಾಚೆಯವಳು ದಿನಕ್ಕೆರಡು ಸಲ ಬಂದು ಅತ್ತೆಯ ಜೊತೆ ಅಜ್ಜಿಯ ಮಗ್ಗುಲು ಬದಲಿಸಿದಳು, ಮುಂದಿನ ಬಾಗಿಲಿನಿಂದಲೇ. ಅವಳು ಬರುವ ಹೊತ್ತಿಗೆ ಮಾವ ಎದ್ದು ಬಾವಿಕಟ್ಟೆಯ ಕಡೆ ಹೋಗಿ ನಿಲ್ಲುತ್ತಿದ್ದರಂತೆ. ಅಷ್ಟು ಸುಲಭವಿತ್ತು ಅದು. ಮೊದಲೂ ಅಷ್ಟೇ ಸುಲಭವಾಗುತ್ತಿತ್ತು.

ಮೂರು ತಿಂಗಳಲ್ಲಿ ಅಜ್ಜಿ ತೀರಿಕೊಂಡಳು. ಶವಕ್ಕೆ ನೀರು ಹಾಕಿದ ಹೆಂಗಸರು ಮೈಯೆಲ್ಲ ತಿರುಗಿಸಿ ನೋಡಿ ಬೆರಗಾದರು. "ವರ್ಷ ಆಯ್ತು ಮಲಗಿ, ಬೆನ್ನಿನಲ್ಲಿ ಒಂದು ಹುಣ್ಣಿಲ್ಲ ನೋಡಿ! ಮೊಮ್ಮಗಳು ನರ್ಸ್ ಆದದ್ದು ಸಾರ್ಥಕ ಆಯ್ತು" ಎಂದರು. ಎಲ್ಲರೂ ನನ್ನನ್ನು ನೋಡಿದರು. ಅಮ್ಮ ಅಂದು ಇಬ್ಬರ ಹೆಗಲು ಹಿಡಿದು ಬಂದು, ಕೂರಲಾರದೆ ಗೋಡೆಗೆ ಒರಗಿ ನಿಂತಿದ್ದಳು. ಅವಳನ್ನು ಯಾರೂ ನೋಡಲಿಲ್ಲ. ನಾನು ಬಾಯಿ ಬಿಡಲಿಲ್ಲ.

ಆಮೇಲೆ ಅಮ್ಮ ನೆಟ್ಟಗೆ ನಿಲ್ಲಲಿಲ್ಲ. ಕೆಲವು ವರ್ಷ ತೊಡೆಯ ಮೇಲೆ ಕೈ ಊರಿಕೊಂಡು, ನೆಲದಲ್ಲಿ ಏನೋ ಹುಡುಕುವವಳ ಹಾಗೆ ನಡೆದಳು. ಎಂಬತ್ತರ ದಶಕದ ನಡುವಿಗೆ ಕಾಲಿನ ಬಲವೂ ಹೋಯಿತು. ಮಾವನೂ ತೀರಿಕೊಂಡ ಮೇಲೆ ಅವಳನ್ನು ಮೂಡಬಿದ್ರೆಯ ನನ್ನ ಕ್ವಾರ್ಟರ್ಸಿಗೆ ಕರೆತಂದೆ. ನಾನು ಮದುವೆಯಾಗಿರಲಿಲ್ಲ. ಮಂಚ, ಕಿಟಕಿ, ಒಂದು ಸ್ಟೂಲು, ಅಮ್ಮ. ಆಗ ನಾನೇ ವಾರ್ಡಿನ ಹಿರಿಯ ನರ್ಸ್. ಹೊಸ ಹುಡುಗಿಯರಿಗೆ, ಭಾರದ ರೋಗಿಗೆ ಒಬ್ಬಳೇ ಕೈ ಹಾಕಿದರೆ ಮನೆಗೆ ಕಳಿಸುತ್ತೇನೆ ಎಂದು ಗದರಿಸುವ ಕೆಲಸ ನನ್ನದಾಗಿತ್ತು. ನಾನು ಅತಿ ಮಾಡುತ್ತೇನೆ ಎಂದು ಅವರು ಹಿಂದಿನಿಂದ ನಗುತ್ತಿದ್ದರು.

ಅಮ್ಮ ಎಲುಬಿನ ಗೂಡಾಗಿದ್ದಳು. ಅವಳನ್ನು ತಿರುಗಿಸಲು ನಿಜವಾಗಿ ಒಬ್ಬಳೇ ಸಾಕಿತ್ತು. ಆದರೆ ಆಸ್ಪತ್ರೆಯಿಂದ ಬರುತ್ತಿದ್ದ ಆಯಾ ಜೊತೆಗಿಲ್ಲದೆ ಅವಳು ಬಿಡುತ್ತಿರಲಿಲ್ಲ. ನಾನು ಭುಜಕ್ಕೆ ಕೈ ಇಟ್ಟರೆ ಮಂಚದ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ಆಯಾ ಬರಲಿ, ನೀನೊಬ್ಬಳೇ ಬೇಡ" ಎನ್ನುತ್ತಿದ್ದಳು. ಬಟ್ಟೆ ಒದ್ದೆಯಾಗಿದ್ದರೂ ಹಾಗೆಯೇ ಕಾಯುತ್ತಿದ್ದಳು. ನಾನು ಬೈಯುತ್ತಿದ್ದೆ. ಅವಳು ಪಟ್ಟಿ ಬಿಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಆಯಾ ತಡ ಮಾಡಿದಳು. ಅಮ್ಮ ಒದ್ದೆಯಲ್ಲಿ ಮಲಗಿದ್ದಳು, ನಾನು ಸ್ಟೂಲಿನ ಮೇಲೆ ಕೂತಿದ್ದೆ. ಎಷ್ಟೋ ವರ್ಷ ನುಂಗಿಕೊಂಡದ್ದು ಆಗ ಹೊರಗೆ ಬಂತು.

"ಅಮ್ಮಾ, ಆ ದಿನ ನಾನು ಒಬ್ಬಳೇ ಸಾಕು ಅಂದಾಗ ನೀನು ಯಾಕೆ ಮಾತಾಡಲಿಲ್ಲ? ನಿನ್ನಿಂದ ಆಗುದಿಲ್ಲ ಅಂತ ನಿನಗೆ ಗೊತ್ತಿತ್ತಲ್ಲ?"

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಮರೆತಿದ್ದಾಳೆ ಅಂದುಕೊಂಡೆ. ಮರೆತಿದ್ದರೆ ಒಳ್ಳೆಯದಿತ್ತು.

"ಗೊತ್ತಿತ್ತು" ಎಂದಳು. "ಆದರೆ ನೀನು ಅಷ್ಟು ಖುಷಿಯಲ್ಲಿದ್ದೆ ಮಗಾ."

ಆಮೇಲೆ ಆಯಾ ಬಂದಳು. ಅಮ್ಮ ಪಟ್ಟಿಯಿಂದ ಕೈ ತೆಗೆದಳು. ನಾವಿಬ್ಬರೂ ಎರಡು ಬದಿ ನಿಂತು, ಒಂದು ಎರಡು ಎಂದು ಹೇಳಿಕೊಂಡು ಅವಳನ್ನು ತಿರುಗಿಸಿದೆವು.